ಸೈಮಕ್ಕನ ಉದ್ದ ಹಲಗೆಗಳು, ಒಸ್ಮೊ ಮೇಷ್ಟ್ರ ಹೊಳೆಯುವ ಹಲಗೆಗಳು

ಸೈಮಾ ತೆರ್ವೊಗೆ ಈ ಲೋಕದಲ್ಲಿ ಮೂರು ಜನರ ಮೇಲೆ ಮಾತ್ರ ಗೌರವವಿತ್ತು. ಆ ಮೂವರೂ ತೀರಿಕೊಂಡಿದ್ದರು. ಉಳಿದ ನಮ್ಮೆಲ್ಲರ ಕಾಲನ್ನು ಅವಳು ಮೊದಲು ನೋಡಿ, ಆಮೇಲೆ ಮುಖ ನೋಡುತ್ತಿದ್ದಳು. ಹೆಚ್ಚಿನವರ ವಿಷಯದಲ್ಲಿ ಮುಖದವರೆಗೆ ಬರುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ.

ಮೂವತ್ತೆರಡು ಚಳಿಗಾಲ, ರಸ್ತೆಯಿಲ್ಲದ ಮನೆಗಳಿಗೆ ಸ್ಕೀ ಮೇಲೆ, ಅಂದರೆ ಹಿಮದಲ್ಲಿ ಜಾರುವ ಹಲಗೆ ಕಾಲಿಗೆ ಕಟ್ಟಿಕೊಂಡು, ಹೋಗಿ ಟಪಾಲು ಹಂಚಿದವಳು ಅವಳು. ನಿವೃತ್ತಿಯಾದ ಮೇಲೂ ಪ್ರತಿ ಫೆಬ್ರವರಿಯಲ್ಲಿ ನಮ್ಮ ಬೇಟೆ ಸಂಘದವರು ಕಾಡಿನಲ್ಲಿ ಪ್ರಾಣಿಗಳ ಹೆಜ್ಜೆ ಎಣಿಸಲು ಹೊರಟರೆ ಮುಂದೆ ಹಿಮ ಸೀಳಿಕೊಂಡು ಹೋಗುವವಳು ಅವಳೇ. ದಾರಿಯೆಂಬುದಿಲ್ಲದ ಹನ್ನೆರಡು ಕಿಲೋಮೀಟರು: ಜೌಗು, ಸ್ಪ್ರೂಸ್ ಮರಗಳ ಸಂದಿ, ಮತ್ತೆ ಜೌಗು. ಅವಳ ಹಿಂದೆ ನಾನು. ಎಣಿಕೆಯನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅವಳ ಹಲಗೆಗಳೋ, ಬರ್ಚ್ ಮರದವು, ಅಂಗೈಯಷ್ಟು ಅಗಲ, ಎರಡು ಮೀಟರ್ ಎಂಬತ್ತು ಉದ್ದ. ಬೂಟಿನ ತುದಿ ತೂರಿಸಲು ಒಂದು ಚರ್ಮದ ಪಟ್ಟಿ, ಅಷ್ಟೇ.

ಆ ವರ್ಷ ಸಂಘಕ್ಕೆ ಒಸ್ಮೊ ಅಧ್ಯಕ್ಷನಾದ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು. ಹರೆಯದಲ್ಲಿ ಜಿಲ್ಲೆಯ ಸ್ಕೀ ಪಂದ್ಯದಲ್ಲಿ ನಾಲ್ಕನೆಯವನಾಗಿ ಬಂದಿದ್ದ. ಆ ನಾಲ್ಕನೇ ಸ್ಥಾನದ ಕಥೆಯನ್ನು ನಮ್ಮೂರು ನಲವತ್ತು ವರ್ಷದಿಂದ ಕೇಳುತ್ತಲೇ ಇತ್ತು. ಸಂಘಕ್ಕೆ ಹೊಸ ಸ್ಕೀ ಕೊಳ್ಳುವ ಸಭೆಗೆ ಅವನು ಮಾದರಿಯೆಂದು ಒಂದು ಜೊತೆ ತಂದಿದ್ದ. ಸಪೂರ, ಹಗುರ, ಥಳಥಳ.

"ನೋಡಿ, ಒಂದೇ ಬೆರಳಲ್ಲಿ ಎತ್ತಬಹುದು!"

"ಎತ್ತೋದಕ್ಕಾ ತಂದಿದ್ದು ಮೇಷ್ಟ್ರೇ?" ಸೈಮಾ ಕಾಫಿ ಹೀರುತ್ತ ಕೇಳಿದಳು. "ನಾನು ಮೇಲೆ ನಿಂತ್ಕೊಳ್ಳೋಕೆ ಅಂದ್ಕೊಂಡಿದ್ದೆ."

"ಕಾಲ ಬದಲಾಗಿದೆ ಸೈಮಕ್ಕ. ನಿಮ್ಮ ಹಲಗೇನ ಮ್ಯೂಸಿಯಂಗೆ ಕೊಟ್ಬಿಡಿ."

"ಕೊಡ್ತೀನಿ. ನಿಮ್ಮನ್ನೂ ಪಕ್ಕದಲ್ಲೇ ನಿಲ್ಲಿಸ್ತೀನಿ, 'ನಾಲ್ಕನೇ ಸ್ಥಾನ' ಅಂತ ಚೀಟಿ ಅಂಟಿಸಿ." ಸಭೆ ನಕ್ಕಿತು. ಅವಳು ನಗಲಿಲ್ಲ. "ಅವು ಯಂತ್ರ ಓಡಿಸಿ ಗಟ್ಟಿ ಮಾಡಿದ ದಾರಿಗೆ ಸರಿ. ನಮ್ಮ ಜೌಗಲ್ಲಿ ಕಾಲಿಗೆ ಸೂಜಿ ಕಟ್ಕೊಂಡು ಹಿಟ್ಟಿನ ಮೂಟೆ ಮೇಲೆ ನಡೆದಂಗೆ. ಸೀದಾ ಒಳಗೆ."

ನಕ್ಕವರೆಲ್ಲ ಕೈಯೆತ್ತಿದ್ದು ಒಸ್ಮೊ ಪರವಾಗಿ. ನಾನೂ ಎತ್ತಿದೆ. ಯಾಕೆಂದರೆ, ಬಣ್ಣ ಚೆನ್ನಾಗಿತ್ತು.

ಎಣಿಕೆಯ ದಿನ ಚಳಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಹಿಮ ಹುರಿದ ರವೆಯಂತೆ ಸಡಿಲ. ಹೊಸ ಸ್ಕೀಯ ಮಹಿಮೆ ತೋರಿಸಲು ಒಸ್ಮೊ ತಾನೇ ಬಂದ. ಮೊದಲ ಕಿಲೋಮೀಟರು ಹಿಮಬಂಡಿ ಓಡಾಡಿದ ಗಟ್ಟಿ ಜಾಡು. ಅಲ್ಲಿ ಅವನು ಬಾಣದಂತೆ ಮುಂದೆ ಹೋಗಿ, ತಿರುಗಿ ನಿಂತು, ಹಲ್ಲು ಕಿರಿದ. ಆಮೇಲೆ ಜಾಡು ಬಿಟ್ಟು ಕಾಡಿಗಿಳಿದೆವು.

ಹತ್ತು ಹೆಜ್ಜೆಗೆ ಅವನು ಮೊಣಕಾಲವರೆಗೆ, ಇಪ್ಪತ್ತಕ್ಕೆ ತೊಡೆಯವರೆಗೆ ಹೂತ. ಸೈಮಾ ಹಿಮದ ಮೇಲೆ ದೋಣಿಯಂತೆ ಸಾಗುತ್ತಿದ್ದಳು. ಅವಳ ಜಾಡು ಹಿಡಿದು ಬಂದಿದ್ದರೆ ಅವನಿಗೂ ಹೇಗೋ ನಡೆಯುತ್ತಿತ್ತು; ನಾನು ಹಾಗೆಯೇ ಬರುತ್ತಿದ್ದೆ. ಆದರೆ ಮೇಷ್ಟ್ರು ಹೆಂಗಸೊಬ್ಬಳ ಜಾಡು ಹಿಡಿಯುವುದುಂಟೆ? ಪಕ್ಕದಲ್ಲಿ ತನ್ನದೇ ಹಾದಿ ಕೊರೆಯಲು ಹೋದ. ಹಾಗೂ ಹೀಗೂ ಎರಡು ಕಿಲೋಮೀಟರು ಏಗಿದ ಮೇಲೆ, ಜೌಗಿನ ಅಂಚಿನಲ್ಲಿ, ಹೂತುಹೋಗಿದ್ದ ಕೊಂಬೆಯ ಅಡಿಗೆ ಅವನ ಸ್ಕೀಯ ಮೂತಿ ಸಿಕ್ಕಿತು. ಮುಖ ಅಡಿಯಾಗಿ ಬಿದ್ದ. ಏಳಲು ಊರಿದ ಸ್ಕೀ ಕೋಲು ಕೈಸಮೇತ ಭುಜದವರೆಗೂ ಇಳಿಯಿತು. ಹಿಮದ ಕೆಳಗೆ ಹೆಪ್ಪುಗಟ್ಟದೆ ಉಳಿದಿದ್ದ ನೀರಿಗೆ ಎಡಗಾಲು ಹೋಯಿತು.

ಸೈಮಾ ದೊಡ್ಡ ಸುತ್ತು ಹಾಕಿ ತಿರುಗಿ ಬಂದು, ಅವನನ್ನು ನೋಡುತ್ತ ನಿಂತಳು.

"ಬರ್ಕೋ," ಎಂದಳು ನನಗೆ. "ನರಿ ಎರಡು. ಮೊಲ ಐದು. ಮೇಷ್ಟ್ರು ಒಂದು."

"ಸೈಮಕ್ಕ, ಕಾಲು ಒದ್ದೆ ಆಯ್ತು," ಎಂದ ಒಸ್ಮೊ. ದನಿಯಲ್ಲಿ ಈಗ ಅಧ್ಯಕ್ಷ ಇರಲಿಲ್ಲ.

ಅವಳ ಮುಖ ಬದಲಾಯಿತು. "ಎರಡೂ ಕೋಲು ಅಡ್ಡ ಇಟ್ಟು, ಅದರ ಮೇಲೆ ಕೈ ಊರಿ. ಏಳಿ! ಬೇಗ!"

ಒಣಗಿದ ಪೈನ್ ಮರದ ಬುಡದಲ್ಲಿ ಬರ್ಚ್ ತೊಗಟೆ ಹಚ್ಚಿ ಬೆಂಕಿ ಮಾಡಿದಳು. ಕಾಗದದಷ್ಟು ತೆಳುವಾದ ಅವನ ಪಂದ್ಯದ ಬೂಟು ಬಿಚ್ಚಿ ಬೆಂಕಿಯ ಪಕ್ಕಕ್ಕೆ ಎಸೆದು, ಬೆಳ್ಳಗಾಗಿದ್ದ ಕಾಲ್ಬೆರಳುಗಳನ್ನು ತನ್ನ ಕೋಟಿನೊಳಗೆ, ಹೊಟ್ಟೆಗೆ ಒತ್ತಿಕೊಂಡಳು. ಬಾಯಿ ಮಾತ್ರ ಬೈಯುತ್ತಲೇ ಇತ್ತು. ಬೈದು ಬೈದು, ನಡುವೆ ಒಮ್ಮೆ ನಿಲ್ಲಿಸಿದಳು.

"ಇಪ್ಪತ್ತನಾಲ್ಕನೇ ವಯಸ್ಸಲ್ಲಿ ನಾನೂ ಇಂಥದ್ದೇ ತಗೊಂಡಿದ್ದೆ. ನೀಲಿ ಬಣ್ಣದ್ದು. ಇದ್ರ ಮೇಲೆ ನಿನ್ನ ಕಾಲು ಚೆನ್ನಾಗಿ ಕಾಣತ್ತೆ ಅಂದಿದ್ದ ಒಬ್ಬ. ಇದೇ ಜೌಗಲ್ಲಿ ಹೂತು, ಒಂದು ಕಾಗದ ಎರಡು ದಿನ ತಡ ಆಯ್ತು. ಲೆಂಪಿ ಅಂತ ಒಬ್ಬಳಿಗೆ ಬಂದಿದ್ದು; ಅವಳ ತಮ್ಮ ಆಸ್ಪತ್ರೇಲಿ ಸಾಯ್ತಾ ಇದ್ದ. ಅವಳು ಹೋಗೋ ಹೊತ್ತಿಗೆ ಮಣ್ಣೂ ಆಗಿತ್ತು."

"ಏನಂದಳು ಅವಳು?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ಮುಂದಿನ ಸಲ ಹೋದಾಗ ಕಾಫಿ ಕೊಟ್ಟಳು. ಎರಡು ಮಾತು ಬೈದಿದ್ರೆ ಚೆನ್ನಾಗಿತ್ತು." ಕಾಲುಚೀಲ ತಿರುವಿ ಬೆಂಕಿಗೆ ಹಿಡಿದಳು. "ಅಲುಗಾಡ್ಬೇಡಿ ಮೇಷ್ಟ್ರೇ."

ಮೂರು ಕಿಲೋಮೀಟರು ಒಸ್ಮೊ ಅವಳ ಜಾಡಿನಲ್ಲೇ ವಾಪಸು ಬಂದ. ಬೆರಳು ಉಳಿದವು.

ಶರತ್ಕಾಲದಲ್ಲಿ, ಸಂಘಕ್ಕೆ ಯಾವ ಸ್ಕೀ ತರಿಸಬೇಕೆಂದು ಕೇಳಲು ಅವನೇ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದ. ಹೊಳೆಯುವ ಜೊತೆಗಳನ್ನು ಶಾಲೆಗೆ ಕೊಟ್ಟಾಗಿತ್ತು. ಸೈಮಾ ನಮ್ಮನ್ನು ಬೆನ್ನುಚೀಲ, ಬೂಟು ಸಮೇತ ತಕ್ಕಡಿ ಹತ್ತಿಸಿದಳು. "ಹಿಮ ನಿಮ್ಮ ಹೆಸರು ಕೇಳಲ್ಲ, ಭಾರ ಕೇಳತ್ತೆ," ಎಂದಳು. ಒಸ್ಮೊಗೆ ಉದ್ದ, ಅಗಲ, ಮೂತಿ ಮೆತ್ತಗೆ ಬಾಗುವ ಜೊತೆ. ದಿಬ್ಬದಲ್ಲಿ ಹಿಂದೆ ಜಾರದಂತೆ ಅಡಿಯಲ್ಲಿ ಒಂದು ತುಂಡು ತುಪ್ಪಳದ ಪಟ್ಟಿ. ಬರೆಯಲು ಮರದ ಸಂದಿಯಲ್ಲೆಲ್ಲ ನಿಲ್ಲುವ ನನಗೆ ಸ್ವಲ್ಪ ಗಿಡ್ಡದ್ದು. ತನಗೂ ಗಿಡ್ಡದ್ದನ್ನೇ, ಎರಡು ಮೀಟರ್ ನಲವತ್ತರದ್ದನ್ನು, ಆರಿಸಿಕೊಂಡಾಗ ನಾವು ಮುಖ ಮುಖ ನೋಡಿಕೊಂಡೆವು.

"ಎಪ್ಪತ್ತಾರು ನನಗೆ. ಆ ಉದ್ದದ್ದನ್ನ ತಿರುಗ್ಸೋಕೆ ಸೊಂಟ ಬಿಡಲ್ಲ," ಎಂದಳು. "ಏನು, ನಾನೂ ನಿಮ್ಮ ಹಾಗೆ ಪೆದ್ದಿ ಅಂದ್ಕೊಂಡ್ರಾ?"

ಮುಂದಿನ ಫೆಬ್ರವರಿಯಲ್ಲಿ ಒಸ್ಮೊ ಮುಂದೆ, ಅವಳು ಹಿಂದೆ. ಹೆಜ್ಜೆ ಹೆಜ್ಜೆಗೂ ಬೈಗುಳ: ಮೊಣಕಾಲು ಬಗ್ಗಿಸಿ, ಆ ಪೊದೆ ಬಿಟ್ಟು ಬನ್ನಿ, ಕಣ್ಣೇನು ಅಡವಿಟ್ಟಿದೀರಾ. ಕೊನೆಯ ಕಿಲೋಮೀಟರಿನಲ್ಲಿ ಮಾತೇ ಕೇಳಿಸಲಿಲ್ಲ. ಒಸ್ಮೊ ಗಾಬರಿಯಾಗಿ ತಿರುಗಿದ.

"ಏನು ನೋಡ್ತೀರಿ? ಬದುಕಿದೀನಿ," ಎಂದಳು ಸೈಮಾ. "ನಡೀರಿ."