ಆಡಿನ ಕೂದಲ ಗಾಳ

ಆ ದಿನಗಳಲ್ಲಿ ಮಳೆಗಾಲವೆಂದರೆ ನಮಗೆ ನಾರಾಯಣಪುರ ಅಣೆಕಟ್ಟಿನ ಸೈರನ್. ಅದು ಕೂಗಿದರೆ ಗೇಟು ತೆರೆಯುತ್ತಾರೆ, ಹೊಳೆಯಲ್ಲಿದ್ದವರು ದಡ ಸೇರಬೇಕು.

ಅಪ್ಪನ ತಮ್ಮ ನಿಂಗಪ್ಪ ಕಾಕಾ ಆಡು ಕಾಯುತ್ತಿದ್ದ. ಮೀನಿಗೆ ಎರೆಹುಳ ಹಾಕುತ್ತಿರಲಿಲ್ಲ. ಮೀನಿಗೆ ಹುಳದಂತೆ ಕಾಣಲೆಂದು ಕರಿ ಆಡಿನ ಬಾಲದ ಕೂದಲನ್ನೇ ಗಾಳಕ್ಕೆ ಕಟ್ಟುತ್ತಿದ್ದ. ನಾನು ಆರನೆಯ ತರಗತಿಗೆ ಹೋದ ವರ್ಷ ಒಂದನ್ನು ನನ್ನ ಕೈಯಿಂದ ಕಟ್ಟಿಸಿದ. ಮೇಣ ಸವರಿದ ದಾರ ಸುತ್ತಿ, ಕೂದಲನ್ನು ರೆಕ್ಕೆಯಂತೆ ಹಿಂದಕ್ಕೆ ಮಲಗಿಸಿ, ಮತ್ತೆ ಬಿಗಿಯಬೇಕು. ಬೆರಳಿಗೆಲ್ಲ ಹೋತದ ವಾಸನೆ.

“ಇಷ್ಟ್ಯಾಕ ಕೂದಲಾ? ಮೀನಿಗೆ ಕಂಬಳಿ ಹೊಚ್ಚಾಕತ್ತೀ ಏನು?” ಎಂದು ಕಾಕಾ ಅರ್ಧ ತೆಗೆಸಿದ. ಅವ್ವ ಕತ್ತರಿಯಿಂದ ತುದಿ ಸರಿಮಾಡಿ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನ ಮೂವರೂ ಹೊಳೆಗೆ ಹೋದೆವು. ನಮ್ಮಲ್ಲಿ ಮೋಡವಿರಲಿಲ್ಲ, ಮೇಲಿನ ಊರುಗಳಲ್ಲಿ ಮಳೆ ಎಂದು ಕೇಳಿದ್ದೆವು, ಅಷ್ಟೆ. ಗಾಳಿ ನಿಂತಿತ್ತು. ಯಾಕೋ ಕೊಕ್ಕರೆಗಳೂ ಇರಲಿಲ್ಲ. ಕಾಕಾ ಹೊಳೆಯೊಳಗಿನ ಬಂಡೆ ಹತ್ತಿ ನಾನು ಕಟ್ಟಿದ ಗಾಳ ಬೀಸಿದ. ಉಳಿದ ನೈಲಾನ್ ದಾರವನ್ನು, ಆಡಿನ ಹಗ್ಗ ಹಿಡಿಯುವ ರೂಢಿಯಲ್ಲಿ, ಮುಂಗೈಗೆ ಸುತ್ತಿಕೊಂಡ.

“ನಿಂಗಪ್ಪಾ, ಅದು ಆಡಿನ ಹಗ್ಗ ಅಲ್ಲ. ಕೈಗೆ ಸುತ್ಕೋಬ್ಯಾಡ!” ಅವ್ವ ದಡದಿಂದ ಕೂಗಿದಳು.

“ಬಿಡ್ರಿ ವೈನಿ, ಹೋತ ಜಗ್ಗಿದ್ರ ಬಿಟ್ಟಾಂವಲ್ಲ, ಮೀನಿಗೆ ಬಿಡ್ತೇನೇನು?”

ಸ್ವಲ್ಪ ಹೊತ್ತಿಗೆ ಗಾಳ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಆಗಲೇ ಸೈರನ್ ಕೂಗಿತು.

ಕಾಕಾ ಎಳೆದಷ್ಟೂ ದಾರ ಚರ್ಮದೊಳಗೆ ಇಳಿಯಿತು. ಬಿಚ್ಚಲು ಸಡಿಲವಾಗಬೇಕು, ಏರುವ ನೀರು ಸಡಿಲ ಬಿಡಲಿಲ್ಲ. ಬಂಡೆಯ ಒಣ ಭಾಗ ಚಾಪೆಯಷ್ಟಾಯಿತು, ಆಮೇಲೆ ರೊಟ್ಟಿಯಷ್ಟು.

“ವೈನೀ, ಬರಬ್ಯಾಡ್ರಿ!”

“ಬಾಯಿ ಮುಚ್ಚು. ಕೈ ಮ್ಯಾಲೆತ್ತು!” ಅವ್ವ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದಾರ ಕತ್ತರಿಸಿದಳು. ಒಬ್ಬರನ್ನೊಬ್ಬರು ಹಿಡಿದು ದಡಕ್ಕೆ ಬಂದರು. ತಿರುಗಿ ನೋಡಿದರೆ ಬಂಡೆ ಇರಲಿಲ್ಲ.

ಅಂದಿನ ದಿನಚರಿಯಲ್ಲಿ ‘ಕಟ್ಟಿದ ಗಾಳ ಒಂದು, ಹೋದ ಗಾಳ ಒಂದು’ ಎಂದು ಬರೆದಿದ್ದೇನೆ. ಹೋದದ್ದು ಅಷ್ಟೇ ಅಲ್ಲವೆಂದು ಆಗ ತಿಳಿಯಲಿಲ್ಲ. ದಾರ ಮುಂಗೈಯ ನರದವರೆಗೂ ಇಳಿದಿತ್ತು. ಗಾಯ ಮಾಯ್ದರೂ ಕಾಕಾನ ಹೆಬ್ಬೆರಳು ತೋರುಬೆರಳಿಗೆ ಮತ್ತೆ ತಾಗಲಿಲ್ಲ. ಗಾಳ ಕಟ್ಟಲು ಕೂದಲು ಕೊಟ್ಟರೆ ಬೆರಳ ಸಂದಿಯಿಂದ ಜಾರಿ ಬೀಳುತ್ತದೆ.

ಈಗಲೂ ಸೈರನ್ ಕೇಳಿದರೆ ಕಾಕಾ ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತಾನೆ, ಚಹಾದ ಲೋಟವಾದರೂ ಸರಿ. ಮೊನ್ನೆ ಆಡಿನ ಹಗ್ಗ ಬಿಟ್ಟ. ಆಡು ಹೊಳೆಯ ಕಡೆಗೆ ನಡೆಯಿತು. ನಾನು ಓಡಿ ಹಗ್ಗ ಹಿಡಿದೆ, ಕೈಗೆ ಸುತ್ತಿಕೊಳ್ಳಲಿಲ್ಲ.