ಬಾತುಕೋಳಿಗೆ ದುಂಡು ಸೀಲು

ಎರ್ನಾಕುಲಂ ಕೋರ್ಟಿನ ಹತ್ತಿರದ ರಬ್ಬರ್ ಸ್ಟಾಂಪ್ ಅಂಗಡಿಯಲ್ಲಿ ಬಾತುಕೋಳಿ ಚಿತ್ರ ಕೊಟ್ಟರೆ, ಅಂಗಡಿಯ ಚೇಟ್ಟನ್, ಅಂದರೆ ಅಲ್ಲಿಯ ಅಣ್ಣ, ಇದು ಯಾವ ಆಫೀಸಿಗೆ ಎಂದು ಕೇಳಿದರು. ಮನೆಗೆ ಎಂದೆ. ನಂಬಿದಂತೆ ಕಾಣಲಿಲ್ಲ.

ಎರಡು ಸ್ಟಾಂಪ್, ದೊಡ್ಡದೊಂದು, ಮರಿಯದೊಂದು. ಮರುದಿನ ನೋಡಿದರೆ ಎರಡರ ಸುತ್ತಲೂ ದುಂಡಗೆ ಗೆರೆ! ಅವರ ಕೈ ಅಭ್ಯಾಸ... ಪಂಚಾಯಿತಿ ಸೀಲಿನೊಳಗೆ ಬಾತುಕೋಳಿ ಅಧ್ಯಕ್ಷರಂತೆ ಕುಳಿತಿತ್ತು.

ಬದಲಾಯಿಸಲು ಸಮಯವಿರಲಿಲ್ಲ. ಶನಿವಾರ ತಿರುವನಂತಪುರಕ್ಕೆ ಹೋಗಿ ನಮ್ಮ ಯಜಮಾನರಿಗೆ ಸುದ್ದಿ ಹೇಳಬೇಕಿತ್ತು.

ಎಷ್ಟೋ ವರ್ಷ ಕಾದ ಮೇಲೆ ಬಂದ ಸುದ್ದಿ. ಹಿಂದೆ ಒಂದು ಸಲ ಫೋನಿನಲ್ಲೇ ಹೇಳಿ, ಆಮೇಲೆ ಉಳಿಯಲಿಲ್ಲ ಎಂಬುದನ್ನೂ ಫೋನಿನಲ್ಲೇ ಹೇಳಬೇಕಾಗಿತ್ತು. ಈ ಸಲ ನನಗೆ ಅವರ ಮುಖ ನೋಡಬೇಕಿತ್ತು.

ನಾನು ಮೈಸೂರಿನವಳು, ಎರ್ನಾಕುಲಂನ ಕಲೂರಿನಲ್ಲಿ ಬ್ಯಾಂಕ್ ಕೆಲಸ. ಅವರು ಕಾಸರಗೋಡಿನವರು, ತಿರುವನಂತಪುರದಲ್ಲಿ ಆಡಿಟ್ ಕೆಲಸ.

ಸುದ್ದಿ ಹೇಳಲೆಂದು ನಾನೇ ಒಂದು ಕಾರ್ಡ್ ಮಾಡಲು ಹೊರಟಿದ್ದೆ. ಅದು ಹೇಗೆಂದರೆ, ಕೆಳಗಿನ ಪಟ್ಟಿ ಎಳೆದಂತೆ ಮೇಲಿನ ಹಾಳೆಗಳು ಒಂದೊಂದಾಗಿ ಮಗುಚಿಕೊಳ್ಳಬೇಕು. ಮೊದಲ ಹಾಳೆಗಳಲ್ಲೆಲ್ಲ ಎರಡು ಬಾತುಕೋಳಿ. ಕೊನೆಯದರಲ್ಲಿ ಮರಿಯೂ ಸೇರಿ ಮೂರು.

ನೆಲದ ಮೇಲೆ ಕುಳಿತು, ಅಂಟು ಕೂದಲಿಗೂ ಮೆತ್ತಿಕೊಂಡು, ಒಬ್ಬಳೇ ನಗುತ್ತಾ ಮಾಡಿದೆ. ಮುಗಿದ ಮೇಲೆ ನೋಡಿದರೆ ಪ್ರತಿ ಬಾತುಕೋಳಿಯ ಕೆಳಗೂ ನನ್ನ ಇನಿಶಿಯಲ್! ಸೀಲು ಒತ್ತಿದ ಮೇಲೆ ಬ್ಯಾಂಕಿನವರ ಕೈ ಸುಮ್ಮನಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು.

ರೈಲಿನಲ್ಲಿ ಎದುರು ಕುಳಿತಿದ್ದ ಚೇಚ್ಚಿ, ಅಕ್ಕನ ವಯಸ್ಸಿನವರು, ಕೈಯಲ್ಲಿರುವುದು ಏನೆಂದು ಕೇಳಿದರು. ತಡೆಯಲಾಗದೆ ತೋರಿಸಿಬಿಟ್ಟೆ. ಒಂದೇ ಸಲ ಎಳೆದವರು ನನ್ನ ಕೆನ್ನೆ ಸವರಿ, ಕಿಟಕಿ ಪಕ್ಕದ ತಮ್ಮ ಸೀಟು ಬಿಟ್ಟುಕೊಟ್ಟರು.

ನಮ್ಮ ಆಡಿಟರಿಗೆ ಅಷ್ಟು ಸುಲಭದಲ್ಲಿ ಅರ್ಥವಾಗಬೇಕಲ್ಲ!

ಬಾಗಿಲಲ್ಲೇ ಕೈಗಿಟ್ಟ ಕಾರ್ಡನ್ನು ಮೊದಲು ಹಿಂದೆ ತಿರುಗಿಸಿ ನೋಡಿದರು. ಸೀಲು, ಸೀಲಿನ ಕೆಳಗೆ ಇನಿಶಿಯಲ್... ಜೇಬಿನಿಂದ ಆಡಿಟ್‌ನ ಹಸಿರು ಪೆನ್ನು ತಾನಾಗಿ ಹೊರಬಂತು. ಪಟ್ಟಿ ಎಳೆಯುವುದು, ಟಿಕ್ ಹಾಕುವುದು. ಮತ್ತೆ ಎಳೆಯುವುದು, ಮತ್ತೆ ಟಿಕ್. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೇನೆ.

ಕೊನೆಯ ಹಾಳೆ ಬಂತು. ಪೆನ್ನು ನಿಂತಿತು.

"ಇದೆಂತ ಮಾರಾಯ್ತಿ, ಇಲ್ಲಿವರೆಗೆ ಎರಡೇ ಇದ್ದದ್ದಲ್ವಾ? ಇದೊಂದು ಹೆಚ್ಚು ಬಂದದ್ದು ಎಲ್ಲಿಂದ?"

ಬಾಯಿಂದ ಸೆರಗು ತೆಗೆದೆ. ಅವರು ಮರಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮರಿಯನ್ನು ನೋಡಿದರು.

"ಡಾಕ್ಟರ್ ನೋಡಿದ್ರು ರೀ. ಈ ಸಲ ಎಲ್ಲಾ ಸರಿಯಾಗಿದೆಯಂತೆ."

ಅವರು ಅಲ್ಲೇ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಮರಿಗೆ ಹಾಕಿದ ಟಿಕ್ ಕಾರ್ಡಿನ ಅಂಚಿನವರೆಗೂ ಹೋಯಿತು. ಈ ಮುಖ ನೋಡಲೆಂದೇ ನಾನು ಬಂದಿದ್ದು. ಖುಷಿಗೆ ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಎಳೆದಾಟ. ಊಟದ ಮುಂಚೆ ಒಂದು ಸಲ, ಊಟದ ನಡುವೆ ಒಂದು ಸಲ, ಪಕ್ಕದ ಮನೆಯವರಿಗೆ ತೋರಿಸಲು ಒಂದು ಸಲ... ಸಂಜೆಯ ಹೊತ್ತಿಗೆ ಪಟ್ಟಿ ಹರಿದೇ ಹೋಯಿತು. ಈಗ ಕಾರ್ಡ್ ಹಿಂದಕ್ಕೂ ಹೋಗುತ್ತಿಲ್ಲ, ಮುಚ್ಚುತ್ತಲೂ ಇಲ್ಲ. ಮೂರು ಬಾತುಕೋಳಿ ಇರುವ ಹಾಳೆಯಲ್ಲೇ ನಿಂತುಬಿಟ್ಟಿದೆ.

ಸರಿಮಾಡುವುದು ಹೇಗೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ಹೇಳಬೇಡಿ.