ಅಂಚಿನಲ್ಲಿ ಬರೆದದ್ದು

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಬೈಂಡಿಂಗ್ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಎಲ್ಲ ಕಡೆ ಇದ್ದಾರೆ. ಇವರು ನಾಲ್ಕನೆಯ ಕಾಲು ಮೊಲದ್ದೇ ತಪ್ಪು ಅನ್ನುವ ಪೈಕಿ. ಬೆಳಿಗ್ಗೆ ಅಂಗಡಿ ತೆರೆದು ಎರಡು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು, ಉಳಿದವರಿಗೆ ಒಳ್ಳೆಯ ಬುದ್ಧಿ ಕೊಡಪ್ಪ ಎಂದು.

ಒಮ್ಮೆ ಹಿಂದಿನ ಬೀದಿಯ ಟೀಚರ್, ತೀರಿಕೊಂಡ ತಾಯಿಯ ಪ್ರಾರ್ಥನೆ ಪುಸ್ತಕ ತಂದುಕೊಟ್ಟರು. ಹೊಲಿಗೆ ಬಿಟ್ಟು ಹಾಳೆಗಳು ಉದುರುತ್ತಿದ್ದವು. "ಅಮ್ಮ ಇದ್ರಲ್ಲಿ ಏನೇನೋ ಬರೀತಿದ್ರು. ಓದೋ ಧೈರ್ಯ ಇನ್ನೂ ಬಂದಿಲ್ಲ," ಎಂದರು. ದೊಡ್ಡಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ದೊಡ್ಡಮ್ಮ ಹೊಲಿದರು, ಇವರು ಅಂಟು ಹಾಕಿದರು. ಒಣಗಿದ ಮೇಲೆ ಎಂದಿನಂತೆ ಕಟಿಂಗ್ ಮಷೀನಿನಲ್ಲಿಟ್ಟು ಮೂರೂ ಅಂಚು ಸಮ ಮಾಡಿದರು. ಕಸದ ಚೀಲಕ್ಕೆ ಬಿದ್ದ ಕಾಗದದ ಪಟ್ಟಿಗಳ ಮೇಲೆ ಶಾಯಿ ಕಂಡಿತು. ತಾಯಿ ಬರೆದದ್ದೆಲ್ಲ ಅಂಚಿನಲ್ಲೇ.

"ಸಂಜೆ ಟೀಚರ್ ಬರ್ತಾರೆ," ಎಂದರು ದೊಡ್ಡಮ್ಮ.

"ಕಾಗದ ಹಾಳಾಗಿತ್ತು, ಕತ್ತರಿಸದೆ ಬೇರೆ ದಾರಿ ಇರ್ಲಿಲ್ಲ ಅಂತೀನಿ ಬಿಡು." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

ಆದರೂ ಯಾಕೋ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದಾಗಿ ಪುಟಕ್ಕೆ ಹೊಂದಿಸಿ ನೋಡತೊಡಗಿದರು. ಅರ್ಧ ಅಕ್ಷರಕ್ಕೆ ಇನ್ನರ್ಧ ಕೂಡಿಕೊಂಡಾಗ ಒಂದೆಡೆ ಓದಲು ಬಂತು: 'ಇವತ್ತು ಮಗಳಿಗೆ ಸುಮ್ಮಸುಮ್ಮನೆ ಬೈದೆ. ತಪ್ಪು ನನ್ನದೇ. ಅವಳಿಗೆ ಹೇಳಲು ಬಾಯಿ ಬರಲಿಲ್ಲ. ದೇವರೇ, ನಿನಗೆ ಹೇಳುತ್ತಿದ್ದೇನೆ.'

ದೊಡ್ಡಪ್ಪ ಇನ್ನೊಮ್ಮೆ ಓದಿದರು. ದೊಡ್ಡಮ್ಮ ಇದನ್ನು ಹೇಳುವಾಗಲೆಲ್ಲ ನನಗೆ ದೊಡ್ಡಪ್ಪನನ್ನು ನೆನೆದು ಅಯ್ಯೋ ಅನ್ನಿಸುತ್ತದೆ.

ಸಂಜೆ ಟೀಚರ್ ಬಂದಾಗ ದೊಡ್ಡಪ್ಪ ಎದ್ದು ನಿಂತರು. "ಯೋಚನೆ ಮಾಡದೆ ಕತ್ತರಿಸಿಬಿಟ್ಟೆ ಕಣಮ್ಮಾ. ನನ್ನದೇ ತಪ್ಪು," ಎಂದು ಪಟ್ಟಿಗಳನ್ನು ತೋರಿಸಿದರು.

"ಅಮ್ಮನದು ಅಂತ ಉಳಿದಿದ್ದೇ ಇದೊಂದು," ಎಂದು ಟೀಚರ್ ಅತ್ತರು. ಚೆನ್ನಾಗಿ ಬೈದರು. ದೊಡ್ಡಪ್ಪ ಬೈಸಿಕೊಂಡರು. ಆಮೇಲೆ ಪಟ್ಟಿ ಹೊಂದಿಸಿಟ್ಟ ಪುಟ ತೆರೆದಿದ್ದ ಪುಸ್ತಕವನ್ನು ಅವರ ಮುಂದೆ ಸರಿಸಿದರು. ಟೀಚರ್ ಕೂತು ಓದಿದರು. ಕಣ್ಣೊರೆಸಿಕೊಂಡು, "ಮಿಕ್ಕಿದ್ದನ್ನೂ ಹೊಂದಿಸೋಣ, ನಾಳೆಯಿಂದ ನಾನೂ ಬರ್ತೀನಿ. ನಿಮ್ಮ ಮೇಲಿನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ," ಎಂದು ಹೋದರು.

ದೊಡ್ಡಮ್ಮ ಸೂಜಿ ಕೆಳಗಿಟ್ಟರು. "ಮದುವೆಯಾಗಿ ಮೂವತ್ತೆರಡು ವರ್ಷ ಆಯ್ತು. 'ನನ್ನದೇ ತಪ್ಪು' ಅನ್ನೋ ಮಾತು ನಿಮ್ಮ ಬಾಯಲ್ಲಿ ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ ರೀ."

ದೊಡ್ಡಪ್ಪ ತಲೆ ತಗ್ಗಿಸಿದರು. "ನಿಂಗೂ ಹೇಳೋದಿದೆ ಕಣೇ. ಎಲ್ಲಿಂದ ಶುರು ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

ದೊಡ್ಡಮ್ಮ ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಮದುವೆ ದಿನದಿಂದ್ಲೇ ಶುರು ಮಾಡಿ. ನಂಗೇನೂ ಅವಸರ ಇಲ್ಲ."